ನೀರು ಬಂದ ಮೇಲೆ ಓದಬೇಕಾದ ಎರಡು ಪುಸ್ತಕ

ನಮ್ಮೂರು ಕಳ್ಳಕವಟಗಿ, ವಿಜಯಪುರ ಜಿಲ್ಲೆ ತಿಕೋಟಾ ತಾಲ್ಲೂಕು. ಮಹಾರಾಷ್ಟ್ರದ ಗಡಿ ಹತ್ತಿರ. ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು, ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. "ಡೋಣಿ ಬೆಳೆದರೆ ಓಣೆಲ್ಲ ಜೋಳ" ಅಂತ ನಮ್ಮ ಕಡೆ ಗಾದೆ ಇದೆ. ಆ "ಬೆಳೆದರೆ" ಅನ್ನೋ ಒಂದು ಪದದ ಮೇಲೆ ಇಡೀ ಜಿಲ್ಲೆಯ ಬದುಕು ನಿಂತಿತ್ತು. ಈಚಿನ ವರ್ಷಗಳಲ್ಲಿ ಕೃಷ್ಣೆಯ ನೀರನ್ನು ಪಂಪಿನಿಂದ ಎತ್ತಿ ತಂದು ಈ ಭಾಗದ ಕೆರೆಗಳನ್ನು ತುಂಬಿಸಿದರು. ತುಬಚಿ-ಬಬಲೇಶ್ವರ ಏತ ನೀರಾವರಿ ಬಂತು. ಈಗ ಊರಲ್ಲಿ ಯಾರನ್ನು ಮಾತಾಡಿಸಿದರೂ ಒಂದೇ ಮಾತು: "ನೀರ ಬಂತಲ್ಲೋ ತಮ್ಮಾ, ಇನ್ನೇನ್ ಬೇಕು?"

ಈ ಪ್ರಶ್ನೆಯನ್ನು ಗಂಭೀರವಾಗಿ ತಗೊಂಡು ವರ್ಷಗಟ್ಟಲೆ ಉತ್ತರ ಹುಡುಕಿದವರು ಇಬ್ಬರಿದ್ದಾರೆ. ಇಬ್ಬರೂ ಕರ್ನಾಟಕದ ಹಳ್ಳಿಗಳಲ್ಲೇ ಹುಡುಕಿದರು. ಇಬ್ಬರ ಸಂಶೋಧನೆಯೂ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಪುಸ್ತಕವಾಯಿತು. ಇಬ್ಬರ ಉತ್ತರಕ್ಕೂ ಒಂದಕ್ಕೊಂದು ತಾಳೆಯಾಗಲ್ಲ. ಆ ತಾಳೆಯಾಗದ ಜಾಗದಲ್ಲೇ ನಮ್ಮ ಕಡೆಯವರಿಗೆ ಬೇಕಾದ್ದು ಇದೆ ಅಂತ ನನಗನಿಸುತ್ತೆ.

ಮೊದಲನೆಯವರು ಸ್ಕಾರ್ಲೆಟ್ ಎಪ್‌ಸ್ಟೈನ್. ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದರು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕಿಯಾಗಿ 1954ರಲ್ಲಿ ಮಂಡ್ಯ ಜಿಲ್ಲೆಗೆ ಬಂದು ಎರಡು ವರ್ಷ ಹಳ್ಳಿಯಲ್ಲಿದ್ದರು. 'ಎಕನಾಮಿಕ್ ಡೆವಲಪ್‌ಮೆಂಟ್ ಆ್ಯಂಡ್ ಸೋಷಿಯಲ್ ಚೇಂಜ್ ಇನ್ ಸೌತ್ ಇಂಡಿಯಾ' ಅನ್ನೋ ಅವರ ಪುಸ್ತಕ 1962ರಲ್ಲಿ ಬಂತು. ಅದರಲ್ಲಿ ವಂಗಲ, ಡಲೇನ ಅನ್ನೋ ಹೆಸರಲ್ಲಿ ಎರಡು ಊರು ಬರುತ್ತವೆ. ವಿಶ್ವೇಶ್ವರಯ್ಯ ಕಾಲುವೆಯ ನೀರು ವಂಗಲದ ಹೊಲಕ್ಕೆ ಹರಿಯಿತು. ಡಲೇನದ ಜಮೀನು ಎತ್ತರದಲ್ಲಿತ್ತು, ಅಲ್ಲಿಗೆ ಹತ್ತಲಿಲ್ಲ.

ಹತ್ತು ಜನರನ್ನು ಕೇಳಿದರೆ ಹತ್ತೂ ಜನ, ನೀರು ಬಂದ ಊರೇ ಬದಲಾಗಿರಬೇಕು ಅಂತಾರೆ. ಎಪ್‌ಸ್ಟೈನ್ ಕಂಡಿದ್ದು ಉಲ್ಟಾ. ವಂಗಲದಲ್ಲಿ ಕಬ್ಬು ಬಂತು, ದುಡ್ಡು ಬಂತು, ಆದರೆ ಜಮೀನ್ದಾರ ಒಕ್ಕಲಿಗರಿಗೂ ಅವರ ಹೊಲದಲ್ಲಿ ದುಡಿಯುತ್ತಿದ್ದ ದಲಿತರಿಗೂ ನಡುವಿನ ಹಳೇ ಸಂಬಂಧ ಹಾಗೇ ಉಳಿಯಿತು. ಬೇಸಾಯವೇ ಲಾಭ ಕೊಡುವಾಗ ಬೇರೆ ದಾರಿ ಹುಡುಕುವ ಅಗತ್ಯ ಯಾರಿಗೂ ಬರಲಿಲ್ಲ. ಒಣಗಿದ ಡಲೇನದವರು ಮಾತ್ರ ಮಂಡ್ಯಕ್ಕೆ ಕೆಲಸಕ್ಕೆ ಹೋದರು, ಸಣ್ಣಪುಟ್ಟ ವ್ಯಾಪಾರ ಶುರು ಮಾಡಿದರು, ಪಕ್ಕದ ಊರುಗಳಲ್ಲಿ ನೀರಾವರಿ ಜಮೀನು ಕೊಂಡರು. ಊರೊಳಗಿನ ಹಳೇ ಕಟ್ಟುಪಾಡು ಸಡಿಲವಾಗಿದ್ದು ಅಲ್ಲಿ.

ಓದುವಾಗ ಖುಷಿ ಕೊಡುವ ವಾದ ಇದು. ಅಷ್ಟು ಖುಷಿ ಕೊಡೋದರಿಂದಲೇ ಸ್ವಲ್ಪ ಎಚ್ಚರ ಬೇಕು. ಎರಡೇ ಊರು ಇಟ್ಟುಕೊಂಡು ಹೋಲಿಸಿದಾಗ, ಕಂಡ ವ್ಯತ್ಯಾಸವೆಲ್ಲ ನೀರಿನಿಂದಲೇ ಆದದ್ದು ಅಂತ ಹೇಳೋದು ಕಷ್ಟ. ನನ್ನ ದೊಡ್ಡ ತಕರಾರು ಇನ್ನೊಂದಿದೆ. ಎಪ್‌ಸ್ಟೈನ್ ಪುಸ್ತಕದಲ್ಲಿ ಕಾಲುವೆ ನೀರು ಮಳೆಯ ಹಾಗೆ ಬರುತ್ತೆ. ಒಂದು ಊರಿಗೆ ಬಂತು, ಇನ್ನೊಂದಕ್ಕೆ ಬರಲಿಲ್ಲ, ಅಷ್ಟೇ. ಬಂದ ಊರಲ್ಲಿ ಮೊದಲು ಯಾರ ಹೊಲಕ್ಕೆ ಹೋಯಿತು, ಯಾರು ಬಾಗಿಲು ತೆಗೆದರು, ಯಾರು ರಾತ್ರಿ ಹೋಗಿ ಮುಚ್ಚಿದರು ಅನ್ನೋದು ಅವರ ಮುಖ್ಯ ಪ್ರಶ್ನೆ ಅಲ್ಲ. ನೀರಿಗಾಗಿ ಜಗಳ ನೋಡಿದವರಿಗೆ ಇದು ಸಣ್ಣ ಬಿಟ್ಟಮಾತು ಅನಿಸಲ್ಲ.

ಎರಡನೆಯವರು ಆ ಪ್ರಶ್ನೆಯನ್ನೇ ಹಿಡಿದುಕೊಂಡರು. ನೆದರ್ಲೆಂಡ್ಸಿನ ವಾಗೆನಿಂಗನ್ ವಿಶ್ವವಿದ್ಯಾಲಯದ ಪೀಟರ್ ಮೊಲಿಂಗಾ 1990ರ ದಶಕದ ಆರಂಭದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ, ರಾಯಚೂರು ಕಡೆ ಕೆಲಸ ಮಾಡಿದರು. 'ಆನ್ ದ ವಾಟರ್‌ಫ್ರಂಟ್' ಅವರ 1998ರ ಪಿಎಚ್‌ಡಿ ಪ್ರಬಂಧ. 2003ರಲ್ಲಿ ಓರಿಯಂಟ್ ಲಾಂಗ್‌ಮನ್ ಅದನ್ನು ಇಲ್ಲಿ ಪುಸ್ತಕವಾಗಿ ತಂದಿತು.

ಎಡದಂಡೆ ಕಾಲುವೆಯ ಹಿಂದಿದ್ದ ಯೋಚನೆ ರಕ್ಷಣಾತ್ಮಕ ನೀರಾವರಿ. ಬರದಿಂದ ಬೆಳೆ ಉಳಿಸೋಕೆ ಸಾಕಾಗುವಷ್ಟು ನೀರನ್ನು ಆದಷ್ಟು ಹೆಚ್ಚು ಹೊಲಗಳಿಗೆ ತೆಳ್ಳಗೆ ಹಂಚೋದು. ಅದಕ್ಕಾಗಿ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಬೆಳೀಬೇಕು ಅಂತ ಸರ್ಕಾರವೇ ಗೊತ್ತು ಮಾಡಿತು. ಅದಕ್ಕೆ ಲೋಕಲೈಸೇಶನ್ ಅಂತ ಹೆಸರು. ಕಾಗದದ ಮೇಲೆ ಬಹಳ ನ್ಯಾಯವಾದ ಲೆಕ್ಕ. ಆದರೆ ನೀರು ಕಣ್ಣೆದುರಿಗೇ ಹರಿಯುವಾಗ ಜೋಳ ಬೆಳೆದು ಸುಮ್ಮನಿರೋರು ಯಾರು? ಕಾಲುವೆಯ ಮೇಲ್ಭಾಗದವರು ಭತ್ತ ಹಾಕಿದರು. ಆಂಧ್ರದ ಕರಾವಳಿಯಿಂದ ಬಂದು ಜಮೀನು ಕೊಂಡು ಕ್ಯಾಂಪ್ ಕಟ್ಟಿಕೊಂಡವರಿಗಂತೂ ಭತ್ತ ಗೊತ್ತಿದ್ದ ಬೆಳೆ. ತುದಿಯವರ ಪಾಲಿಗೆ ಕಾಲುವೆ ಇತ್ತು, ನೀರು ಇರಲಿಲ್ಲ.

ಇಷ್ಟು ಮಾತ್ರ ಆಗಿದ್ದರೆ ಪತ್ರಿಕೆಯ ವರದಿಯೇ ಸಾಕಿತ್ತು. ಮೊಲಿಂಗಾ ಅದರ ಒಳಗೆ ಇಳಿಯುತ್ತಾರೆ. ಕಾಲುವೆಯಿಂದ ಹೊಲಕ್ಕೆ ನೀರು ಬಿಡುವ ಪೈಪು, ಗೇಟು, ವಾರಾಬಂದಿ ಪಟ್ಟಿ, ಎಂಜಿನಿಯರು, ಶಾಸಕರ ಮನೆಬಾಗಿಲು, ಎಲ್ಲವನ್ನೂ ಒಂದೇ ಕಥೆಯ ಭಾಗವಾಗಿ ನೋಡುತ್ತಾರೆ. ಅವರ ಪ್ರಕಾರ ಒಂದು ಗೇಟು ಬರೀ ಕಬ್ಬಿಣದ ಸಾಮಾನಲ್ಲ, ಊರಿನ ಬಲಾಬಲ ಅದರಲ್ಲಿ ಕಾಣುತ್ತೆ. ಅದನ್ನು ಯಾರು ಮುರಿದರು, ಯಾರು ರಿಪೇರಿ ಮಾಡಿಸಿದರು, ಯಾರು ಮುರಿದರೂ ಕೇಸು ಆಗಲಿಲ್ಲ ಅನ್ನೋದು ನೀರಿನ ಲೆಕ್ಕದಷ್ಟೇ ಮುಖ್ಯ. "ರೈತರು ಶಿಸ್ತಿಲ್ಲದೆ ನೀರು ಪೋಲು ಮಾಡ್ತಾರೆ" ಅಂತ ಅಧಿಕಾರಿಗಳು ಹೇಳೋ ಸುಲಭದ ಮಾತು ಈ ಪುಸ್ತಕ ಓದಿದ ಮೇಲೆ ನಿಲ್ಲಲ್ಲ. ಭತ್ತದ ಲಾಭ ಎದುರಿಗಿಟ್ಟು, ಕಾವಲಿಲ್ಲದ ಗೇಟು ಕೊಟ್ಟು, ತೆಳ್ಳಗೆ ಹಂಚಿಕೊಳ್ಳಿ ಅಂತ ಹೇಳಿದ ಯೋಜನೆಯಲ್ಲೇ ಗುಂಡಿ ಇತ್ತು.

ಇದನ್ನು ಎಪ್‌ಸ್ಟೈನ್ ಪಕ್ಕದಲ್ಲಿಟ್ಟು ನೋಡಿ. ಅವರಿಗೆ ನೀರು ಊರನ್ನು ಹಾಗೇ ಹಿಡಿದಿಟ್ಟ ಶಕ್ತಿಯಾಗಿ ಕಂಡಿತು. ಮೊಲಿಂಗಾಗೆ ಅದು ದಿನಾ ನಡೆಯೋ ಜಗಳವಾಗಿ ಕಂಡಿತು. ಇಬ್ಬರಲ್ಲಿ ಯಾರು ಸರಿ ಅಂತ ಕೇಳಿದರೆ ನಾನು ಮೊಲಿಂಗಾ ಕಡೆ ನಿಲ್ತೀನಿ. ಹೊರಗಿನಿಂದ "ಏನೂ ಬದಲಾಗಿಲ್ಲ" ಅನಿಸುವ ಊರಲ್ಲೂ, ಬದಲಾಗದ ಹಾಗೆ ನೋಡಿಕೊಳ್ಳೋಕೆ ಯಾರೋ ಪ್ರತಿದಿನ ಕೆಲಸ ಮಾಡ್ತಿರ್ತಾರೆ. ಅದನ್ನು ನೋಡುವ ಕಣ್ಣು ಅವರ ಪುಸ್ತಕದಲ್ಲಿದೆ.

ಹಾಗಂತ ಮೊಲಿಂಗಾ ಪುಸ್ತಕಕ್ಕೆ ಮಿತಿ ಇಲ್ಲ ಅಂತಲ್ಲ. ಅದು ಕಾಲುವೆ ದಂಡೆಯ ಮೇಲೆ ನಿಂತು ನೋಡುತ್ತೆ. ದಂಡೆಯ ಮೇಲೆ ನಿಂತಾಗ ಜಮೀನಿದ್ದವರು ಹತ್ತಿರ ಕಾಣ್ತಾರೆ, ಜಮೀನಿಲ್ಲದವರು ದೂರ ಆಗ್ತಾರೆ. ನಾಟಿ ಮಾಡೋ, ಕಳೆ ಕೀಳೋ ಹೆಣ್ಣುಮಕ್ಕಳ ಕೂಲಿ ಕಾಲುವೆ ಬಂದ ಮೇಲೆ ಏನಾಯಿತು ಅನ್ನೋ ಪ್ರಶ್ನೆಯನ್ನು ಗೇಟಿನ ಹತ್ತಿರ ನಿಂತು ಪೂರ್ತಿ ಬಿಡಿಸೋಕೆ ಆಗಲ್ಲ. ಊರು ಬಿಟ್ಟು ಬಸ್ ಹತ್ತಿದವರನ್ನೂ ಈ ಪುಸ್ತಕ ಹಿಂಬಾಲಿಸಲ್ಲ. ಅವರನ್ನು ಹಿಂಬಾಲಿಸಿದವರು ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಜೊನಾಥನ್ ಪ್ಯಾಟೆಂಡನ್. ರಾಯಚೂರಿನ ಹಳ್ಳಿಗೂ ಬೆಂಗಳೂರಿನ ಕಟ್ಟಡಗಳಿಗೂ ನಡುವೆ ಓಡಾಡುವ ಕೂಲಿಕಾರರ ಬಗ್ಗೆ ಅವರು 2012ರಲ್ಲಿ ಬರೆದರು. ನೀವು ಕೂತು ಕೆಲಸ ಮಾಡ್ತಿರೋ ಆಫೀಸಿನ ಪಕ್ಕ ಹಸಿರು ಪರದೆ ಹೊದ್ದ ಕಟ್ಟಡ ಏಳ್ತಿದ್ದರೆ, ಅದರ ಕೆಳಗಿನ ತಗಡಿನ ಶೆಡ್ಡುಗಳಲ್ಲಿ ನಮ್ಮ ಉತ್ತರ ಕರ್ನಾಟಕದ ಭಾಷೆ ಕೇಳಿಸುತ್ತೆ. ನೀರಿನ ಹಂಚಿಕೆಯ ಕಥೆಯ ಒಂದು ತುದಿ ನಿಮ್ಮ ಕ್ಯಾಬ್ ನಿಲ್ಲುವ ಜಾಗದಲ್ಲೂ ಇದೆ.

ಈಗ ನಮ್ಮ ತಿಕೋಟಾ, ಬಬಲೇಶ್ವರಕ್ಕೆ ಬರೋಣ. ಎಡದಂಡೆಯ ಪಾಠ ಇಲ್ಲಿ ಹಾಗೇ ಹೊಂದಲ್ಲ. ತುಂಗಭದ್ರೆಯ ನೀರು ಇಳಿಜಾರಿನಲ್ಲಿ ತಾನೇ ಹರಿಯುತ್ತೆ, ಇಲ್ಲಿ ಕರೆಂಟು ಖರ್ಚು ಮಾಡಿ ಎತ್ತಬೇಕು. ಅಲ್ಲಿ ಭತ್ತ, ಇಲ್ಲಿ ದ್ರಾಕ್ಷಿ. ಬರದ ವರ್ಷಗಳಲ್ಲಿ ಟ್ಯಾಂಕರಿನಲ್ಲಿ ನೀರು ತಂದು ಪಡಗಳನ್ನು ಉಳಿಸಿಕೊಂಡ ಜನ ನಮ್ಮವರು, ಡ್ರಿಪ್ ಹಾಕಿ ಹನಿಹನಿ ಲೆಕ್ಕ ಇಟ್ಟವರು. ಅವರ ಬಗ್ಗೆ ನನಗೆ ಹೆಮ್ಮೆ ಇದೆ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಬೇರೆ. ರಾಯಚೂರಿನಲ್ಲಿ ಹಂಚಿಕೆ ನಡೆಯೋದು ಗೇಟಿನಲ್ಲಿ, ಎಲ್ಲರ ಕಣ್ಣೆದುರಿಗೆ. ಗೇಟು ಮುರಿದರೆ ತುದಿಯವನು ಬಂದು ಜಗಳ ಮಾಡಬಹುದು. ಕೆರೆ ತುಂಬಿಸಿದಾಗ ನೀರು ನೆಲದೊಳಗೆ ಇಂಗಿ ಬಾವಿಗೂ ಬೋರಿಗೂ ಬರುತ್ತೆ. ಅಲ್ಲಿಂದ ಮುಂದೆ ಹಂಚಿಕೆ ನಡೆಯೋದು ಭೂಮಿಯ ಒಳಗೆ. ಯಾರ ಬೋರು ಆಳ, ಯಾರ ಮೋಟಾರಿನ ಎಚ್‌ಪಿ ಹೆಚ್ಚು, ಯಾರಿಗೆ ಎರಡನೇ ಬೋರು ಕೊರೆಸೋಕೆ ಸಾಲ ಸಿಗುತ್ತೆ, ಅವರಿಗೆ ನೀರು. ಸರ್ಕಾರದ ದುಡ್ಡಿನಲ್ಲಿ ಎತ್ತಿ ತಂದ ಎಲ್ಲರ ನೀರು, ಬೋರಿನ ಬಾಯಲ್ಲಿ ಒಬ್ಬನ ನೀರಾಗಿ ಮೇಲೆ ಬರುತ್ತೆ. ಇಲ್ಲಿ ಮುರಿಯೋಕೂ ಗೇಟಿಲ್ಲ, ಜಗಳಕ್ಕೂ ಜಾಗ ಇಲ್ಲ. ಬೋರಿಲ್ಲದವನಿಗೆ ತನ್ನ ಪಾಲು ಯಾರ ಹೊಲಕ್ಕೆ ಹೋಯಿತು ಅಂತಾನೂ ಗೊತ್ತಾಗಲ್ಲ.

ಇನ್ನೊಂದು ಪಾಠ ಮಾತ್ರ ನೇರವಾಗಿ ಹೊಂದುತ್ತೆ. ಎಡದಂಡೆ ಕಾಲುವೆಯ ನೀರು ತುದಿ ಮುಟ್ಟುವ ಮೊದಲೇ ಮೇಲ್ಭಾಗದಲ್ಲಿ ಭತ್ತ ರೂಢಿಯಾಗಿತ್ತು. ರೂಢಿ ಆಮೇಲೆ ಹಕ್ಕಾಯಿತು, ಹಕ್ಕಾದ ಮೇಲೆ ಕಿತ್ತುಕೊಳ್ಳೋಕೆ ಯಾವ ಸರ್ಕಾರಕ್ಕೂ ಧೈರ್ಯ ಬರಲಿಲ್ಲ. ನಮ್ಮ ಕಡೆ ರೂಢಿ ಗಟ್ಟಿಯಾಗ್ತಿರೋದು ಈಗಿನ ವರ್ಷಗಳಲ್ಲಿ. ನಿಯಮ ಮಾಡೋದಿದ್ದರೆ ಈಗಲೇ ಮಾಡಬೇಕು.

ಇಂಥ ಹೊತ್ತಲ್ಲಿ ಈ ಪುಸ್ತಕಗಳು ಎಲ್ಲಿವೆ? ಇಂಗ್ಲಿಷಿನಲ್ಲಿ. ಮೊಲಿಂಗಾ ಪ್ರಬಂಧವನ್ನು ವಾಗೆನಿಂಗನ್ ಗ್ರಂಥಾಲಯ ಯಾರು ಬೇಕಾದರೂ ಓದುವ ಹಾಗೆ ಇಟ್ಟಿದೆ, ದುಡ್ಡು ಕೇಳಲ್ಲ. ಆದರೆ ರಾಯಚೂರಿನ ತುದಿಯ ರೈತನಿಗೆ ಅದರ ಭಾಷೆಯೇ ಬೀಗ. ಯಾರ ಮಾತು ಕೇಳಿ ಪುಸ್ತಕ ಬರೆದರೋ, ಅವರು "ಸಾಹೇಬ್ರ, ಇದು ಹಿಂಗಲ್ರಿ" ಅಂತ ಹೇಳೋಕೆ ದಾರಿ ಇಲ್ಲ. ಎಪ್‌ಸ್ಟೈನ್ ಈ ಕೊರತೆಯನ್ನು ಸ್ವಲ್ಪ ತುಂಬಿದರು. 1970ರಲ್ಲಿ ಮತ್ತೆ ಅದೇ ಊರುಗಳಿಗೆ ಬಂದರು. 1998ರ 'ವಿಲೇಜ್ ವಾಯ್ಸಸ್' ಪುಸ್ತಕವನ್ನು ಎ.ಪಿ. ಸೂರ್ಯನಾರಾಯಣ, ಟಿ. ತಿಮ್ಮೇಗೌಡ ಅವರ ಜೊತೆ ಸೇರಿ ಬರೆದರು. ಮರಳಿ ಬಂದು ನೋಡುವ ಆ ನಿಷ್ಠೆ ದೊಡ್ಡದು. ಆದರೆ ಆ ಪುಸ್ತಕವೂ ಇಂಗ್ಲಿಷೇ.

ಯುರೋಪಿನವರು ನಮ್ಮ ಬಗ್ಗೆ ಯಾಕೆ ಬರೀಬೇಕು ಅಂತ ಮೂಗು ಮುರಿಯೋದರಲ್ಲಿ ಅರ್ಥ ಇಲ್ಲ. ಅವರು ಬಂದರು, ಹಳ್ಳಿಯಲ್ಲಿ ಇದ್ದರು, ಗೇಟು ಎಣಿಸಿದರು. ಆ ಕೆಲಸವನ್ನು ಮುಂದುವರಿಸೋದು ನಮ್ಮ ಸರದಿ. ವಿಜಯಪುರದಲ್ಲೇ 2003ರಿಂದ ಮಹಿಳಾ ವಿಶ್ವವಿದ್ಯಾಲಯ ಇದೆ. ಇವತ್ತು ಅದಕ್ಕೆ ಅಕ್ಕಮಹಾದೇವಿಯ ಹೆಸರಿದೆ. ಅಲ್ಲಿ ಓದೋ ನಮ್ಮ ಕಡೆಯ ಹುಡುಗಿಯರು ದ್ರಾಕ್ಷಿ ಪಡದಲ್ಲಿ ದುಡಿಯೋ ಹೆಣ್ಣುಮಕ್ಕಳ ಹತ್ತಿರ ಕೂತು ಕೇಳಬಹುದಾದ ಪ್ರಶ್ನೆಗಳು ಮ್ಯಾಂಚೆಸ್ಟರಿಗೂ ವಾಗೆನಿಂಗನ್‌ಗೂ ಹೊಳೆದಿರಲಿಕ್ಕಿಲ್ಲ. ಕಳ್ಳಕವಟಗಿಯಲ್ಲಿ ಎಷ್ಟು ಮನೆಗೆ ಬೋರಿಲ್ಲ, ಕೆರೆ ತುಂಬಿದ ಮೇಲೆ ಆ ಮನೆಯ ಕೂಲಿ ದಿನಗಳು ಹೆಚ್ಚಾದವಾ, ಕಡಿಮೆಯಾದವಾ, ಯಾರು ಜಮೀನು ಮಾರಿದರು, ಯಾರು ಕೊಂಡರು? ಇಷ್ಟನ್ನು ಕನ್ನಡದಲ್ಲಿ ಬರೆದು, ಪಂಚಾಯಿತಿ ಕಟ್ಟೆಯ ಮೇಲೆ ಓದಿ, ಬಯ್ಗುಳ ತಿಂದು, ತಿದ್ದಿ ಮತ್ತೆ ಬರೆದರೆ ಅದು ಮೂರನೇ ಪುಸ್ತಕ. ಮೊದಲೆರಡರಲ್ಲಿ ಸಿಗದ ಒಂದು ಗುಣ ಅದರಲ್ಲಿರುತ್ತೆ: ಅದರ ಬಗ್ಗೆ ಊರಿನವರೇ ತಕರಾರು ತೆಗೆಯಬಹುದು.