ಮುದ್ರೆ ಅಸಲಿ, ಮಾತು ನಕಲಿ

ನಮ್ಮಂಥ ಸಂಘದ ಪತ್ರಿಕೆಗಳಲ್ಲಿ ‘ಮುದ್ರಾರಾಕ್ಷಸ’ನೆಂದರೆ ಅಚ್ಚಿನ ತಪ್ಪು. ಬರೆದವರದೋ ತಿದ್ದಿದವರದೋ ತಪ್ಪನ್ನು ಅವನ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳುವುದು ವಾಡಿಕೆ. ವಿಶಾಖದತ್ತನ ಸಂಸ್ಕೃತ ನಾಟಕದಲ್ಲಿ ಅಮಾತ್ಯ ರಾಕ್ಷಸನಿಗೆ ಬಂದೊದಗಿದ್ದೂ ಇದೇ ಗತಿ. ಬೇರೊಬ್ಬರು ಮಾಡಿಸಿದ ಕೊಲೆ ಅವನ ತಲೆಗೆ ಬಂತು.

ವಿಜಯವಾಡದ ಆಟೋನಗರದ ನಮ್ಮ ಮನೆಗಳಲ್ಲಿ ಪತ್ತೇದಾರಿ ಕಾದಂಬರಿಗೆ ಓದುಗರು ಕಡಿಮೆಯಿಲ್ಲ. ಪ್ರಾಚೀನ ನಾಡಿನಲ್ಲಿ ಕೊಲೆ ನಡೆಸಿ ಪತ್ತೆ ಹಚ್ಚುವ ಕಥೆಯೆಂದರೆ ಹೆಚ್ಚಿನವರು ಅಗಾಥಾ ಕ್ರಿಸ್ಟಿಯ ಹೆಸರು ಹೇಳುತ್ತಾರೆ. 1944ರಲ್ಲಿ ಹೊರಬಂದ ಆಕೆಯ ಒಂದು ಕಾದಂಬರಿ ನಾಲ್ಕು ಸಾವಿರ ವರ್ಷ ಹಿಂದಿನ ಈಜಿಪ್ಟಿನ ಪುರೋಹಿತನೊಬ್ಬನ ತುಂಬು ಸಂಸಾರದಲ್ಲಿ ನಡೆಯುತ್ತದೆ. ಯಜಮಾನ ತಂದ ಹೊಸ ಹೆಣ್ಣು, ಆಸ್ತಿಯ ಆಸೆ, ಓರಗಿತ್ತಿಯರ ಮನಸ್ತಾಪ ಎಲ್ಲವೂ ನಮಗೆ ಗುರುತಿರುವಂಥವೇ. ಆದರೆ ಈ ಜಾತಿಯ ಕಥೆಗಾಗಿ ಕನ್ನಡಿಗರು ಅಷ್ಟು ದೂರ ಹೋಗಬೇಕಾಗಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಕೆಂಪುನಾರಾಯಣನು ‘ಮುದ್ರಾಮಂಜೂಷ’ವನ್ನು ಗದ್ಯದಲ್ಲಿ ಬರೆದ. ನಂದರ ಕಾಲದಿಂದ ಮೊದಲುಗೊಂಡು ಚಾಣಕ್ಯ-ರಾಕ್ಷಸರ ಕಥೆಯನ್ನು ವಿಸ್ತಾರವಾಗಿ ಹೇಳುವ ಈ ಗ್ರಂಥಕ್ಕೆ ಹಳಗನ್ನಡದಿಂದ ಹೊಸಗನ್ನಡ ಗದ್ಯಕ್ಕೆ ದಾಟುವ ಸೇತುವೆಯೆಂಬ ಹೆಸರಿದೆ.

ಕೊಲೆಯ ವಿಷಯಕ್ಕೆ ಬರೋಣ. ವಿಶಾಖದತ್ತನ ನಾಟಕದಲ್ಲಿ ಚಂದ್ರಗುಪ್ತನನ್ನು ಕೊಲ್ಲಲು ರಾಕ್ಷಸ ವಿಷಕನ್ಯೆಯನ್ನು ಕಳಿಸುತ್ತಾನೆ. ಚಾಣಕ್ಯ ಅವಳನ್ನು ಪರ್ವತಕನ ಕಡೆಗೆ ತಿರುಗಿಸುತ್ತಾನೆ. ಪರ್ವತಕ ಸಾಯುತ್ತಾನೆ. ಆಯುಧ ಒಬ್ಬನದು, ಗುರಿ ಇನ್ನೊಬ್ಬನದು. ಹಾಗಾದರೆ ಕೊಲೆಗಾರ ಯಾರು? ಓದುಗನಿಗೆ ಇದು ಮೊದಲೇ ಗೊತ್ತು. ಗೊತ್ತಿಲ್ಲದವನು ಸತ್ತವನ ಮಗ ಮಲಯಕೇತು. ‘ನಿನ್ನ ತಂದೆಯನ್ನು ಕೊಲ್ಲಿಸಿದವನು ಚಾಣಕ್ಯ’ ಎಂದು ಭಾಗುರಾಯಣ ಅವನಿಗೆ ಗುಟ್ಟಾಗಿ ಹೇಳಿ ಊರು ಬಿಡಿಸುತ್ತಾನೆ. ಮಾತು ನಿಜ. ಆದರೆ ಹೇಳಿದವನು ಚಾಣಕ್ಯನದೇ ಆಳು! ಮುಂದೆ ರಾಕ್ಷಸನೇ ಕೊಂದನೆಂಬ ಸುಳ್ಳನ್ನು ಮುಂದಿಟ್ಟಾಗ ಮಲಯಕೇತು ಅದನ್ನೂ ನಂಬುತ್ತಾನೆ.

ನಂಬದೆ ಏನು ಮಾಡಿಯಾನು? ಸಾಕ್ಷ್ಯಗಳೆಲ್ಲ ಅಸಲಿ. ಸಿಕ್ಕಿದ ಕಾಗದದ ಮೇಲಿನ ಮುದ್ರೆ ರಾಕ್ಷಸನ ಉಂಗುರದ್ದು. ಅಕ್ಷರ ಅವನ ಗೆಳೆಯ ಶಕಟದಾಸನದು. ರಾಕ್ಷಸನ ಮೈಮೇಲಿದ್ದ ಒಡವೆಗಳು ಸತ್ತ ಪರ್ವತಕನವು. ಚಾಣಕ್ಯನ ಕಡೆಯವರು ವರ್ತಕರ ವೇಷದಲ್ಲಿ ಅವನ್ನು ಮಾರಿದ್ದು ಯಾರಿಗೂ ತಿಳಿಯದು. ಮುದ್ರೆ ನಿಜ, ಅಕ್ಷರ ನಿಜ, ಒಡವೆ ನಿಜ. ತೀರ್ಮಾನ ಮಾತ್ರ ಸುಳ್ಳು. ಡಬ್ಬದ ಮೇಲಿನ ಸೀಲು ಸರಿಯಾಗಿದ್ದು ಒಳಗೆ ಡೂಪ್ಲಿಕೇಟ್ ಬೇರಿಂಗ್ ಇರಬಹುದೆಂದು ಆಟೋನಗರದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಂದಿನ ಪತ್ತೇದಾರಿ ಕಾದಂಬರಿಯಲ್ಲಿ ಸುಳಿವುಗಳು ಸತ್ಯಕ್ಕೆ ಕರೆದೊಯ್ಯುತ್ತವೆ. ಇಲ್ಲಿ ಅವು ಸುಳ್ಳಿಗೆ ಕರೆದೊಯ್ಯುತ್ತವೆ, ಏಕೆಂದರೆ ಪತ್ತೇದಾರನೂ ಅಪರಾಧಿಯೂ ಒಬ್ಬನೇ. ಚಾಣಕ್ಯನ ಕಣ್ಣು ಎಷ್ಟು ಚುರುಕೆಂಬುದಕ್ಕೆ ಒಂದು ಪ್ರಸಂಗ ಸಾಕು. ಅರಮನೆಯ ಮಲಗುವ ಕೋಣೆಯ ಗೋಡೆಯ ಬಿರುಕಿನಿಂದ ಇರುವೆಗಳು ಅನ್ನದ ಅಗುಳು ಹೊತ್ತು ಸಾಲಾಗಿ ಬರುವುದನ್ನು ನೋಡಿ, ಒಳಗೆ ಕೊಲೆಗಡುಕರು ಅಡಗಿದ್ದಾರೆಂದು ಅವನು ಊಹಿಸುತ್ತಾನೆ. ಪಾಟಲಿಪುತ್ರಕ್ಕೆ ನಮ್ಮ ಕಾಲದ ಇನ್ಸ್‌ಪೆಕ್ಟರನನ್ನೇ ಪಂಚೆ ಉಡಿಸಿ ಕಳಿಸುವ ಲೇಖಕರು ಈ ಇರುವೆಗಳ ಸಾಲನ್ನು ಗಮನಿಸಬೇಕು. ಆ ಕಾಲದ ಮನೆಯೊಳಗಿಂದಲೇ ಹುಟ್ಟಿದ ಸುಳಿವು ಅದು.

ಆದರೂ ನಮಗೆ ಒಂದು ಕೊರತೆ ಚುಚ್ಚುತ್ತದೆ. ಪರ್ವತಕನ ಸಾವಿಗೆ ಕೊನೆಯವರೆಗೂ ನ್ಯಾಯವಿಲ್ಲ. ಗೆಳೆಯ ಚಂದನದಾಸನ ಪ್ರಾಣ ಉಳಿಸಲು ರಾಕ್ಷಸ ಶರಣಾಗಿ ಚಂದ್ರಗುಪ್ತನ ಮಂತ್ರಿಯಾದಾಗ ನಾವು ಮೆಚ್ಚಿ ತಲೆದೂಗುತ್ತೇವೆ. ಆ ಸಂತೋಷದಲ್ಲಿ ಸತ್ತವನು ಮರೆತೇ ಹೋಗುತ್ತಾನೆ. ರಾಜನೀತಿಯ ಕಥೆಯಾಗಿ ಇದು ಗೆದ್ದಿದೆ, ಕೊಲೆಯ ಕಥೆಯಾಗಿ ಸಾಲ ಉಳಿಸಿಕೊಂಡಿದೆ ಎನ್ನದೆ ವಿಧಿಯಿಲ್ಲ.

ಇಷ್ಟಕ್ಕೂ ಶಕಟದಾಸನನ್ನು ಕರೆಸಿ ಕೇಳಿದ್ದರೆ ನಿಜ ಹೊರಬೀಳಬಹುದಿತ್ತು. ಭಾಗುರಾಯಣ ಉಪಾಯವಾಗಿ ಅದನ್ನು ತಪ್ಪಿಸಿ, ಅವನ ಇನ್ನೊಂದು ಬರಹ ತರಿಸಿ ಅಕ್ಷರವನ್ನಷ್ಟೇ ಹೋಲಿಸುತ್ತಾನೆ. ಅದನ್ನು ಕಂಡು ರಾಕ್ಷಸನೂ ತನ್ನ ಗೆಳೆಯನನ್ನೇ ಶಂಕಿಸುತ್ತಾನೆ! ಇಡೀ ನಾಟಕದಲ್ಲಿ ನಮ್ಮನ್ನು ಹೆಚ್ಚು ಕಲಕಿದ ಘಳಿಗೆ ಇದು.

ಊರು ಬಿಟ್ಟು ಬಂದವರು ನಾವು. ಊರಿನ ಸುದ್ದಿಯೆಲ್ಲ ನಮಗೆ ತಲುಪುವುದು ಹಿಂದೆ ಕಾಗದದಿಂದ, ಈಗ ಫೋನಿನಿಂದ. ಜಮೀನಿನ ಪತ್ರದಲ್ಲಿ ಅಣ್ಣನ ರುಜು ಕಂಡಿತೆಂದು, ಯಾರೋ ಹೇಳಿದರೆಂದು, ಅಣ್ಣನನ್ನೇ ಒಂದು ಮಾತು ಕೇಳದೆ ವರ್ಷಗಟ್ಟಲೆ ಮುಖ ತಿರುಗಿಸಿಕೊಂಡ ಮನೆಗಳು ನಮ್ಮಲ್ಲಿಲ್ಲವೇ? ಕೆಂಪುನಾರಾಯಣನ ಕನ್ನಡ ಮೊದಲು ಕೊಂಚ ಬಿಗಿಯೆನಿಸಬಹುದು. ರಾತ್ರಿ ಊಟದ ನಂತರ ಒಬ್ಬರು ಗಟ್ಟಿಯಾಗಿ ಓದಿ ಮಿಕ್ಕವರು ಕೇಳಿದರೆ ಅದು ತಾನಾಗಿ ಸಡಿಲವಾಗುತ್ತದೆ. ಓದಿ ಮುಗಿಸಿದ ಮೇಲೆ ಊರಿಗೊಂದು ಫೋನು ಮಾಡಿದರೂ ತಪ್ಪಿಲ್ಲ.