ಓಕ್ಲಹೋಮದ ನೀರು, ಮಹಾಡದ ಕೆರೆ

ಸಮಾಜ ಮನಶ್ಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಗುಂಪು ಮತ್ತು ಪೂರ್ವಗ್ರಹದ ಮಾತು ಬಂದಲ್ಲೆಲ್ಲ ಒಂದು ಬೇಸಿಗೆ ಶಿಬಿರದ ಕಥೆ ಬರುತ್ತದೆ. 1954ರಲ್ಲಿ ಅಮೆರಿಕದ ಓಕ್ಲಹೋಮ ರಾಜ್ಯದ ರಾಬರ್ಸ್ ಕೇವ್ ಉದ್ಯಾನದಲ್ಲಿ ಮುಜಾಫರ್ ಶೆರೀಫ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಅದು. 1961ರಲ್ಲಿ ಪುಸ್ತಕವಾಗಿ ಬಂದ ಅದರ ವರದಿಯನ್ನು ಇವತ್ತಿಗೂ ಕಥೆಯಂತೆ ಓದಿಕೊಂಡು ಹೋಗಬಹುದು. ಹುಡುಗರ ಬೈಗುಳ, ಬಡಾಯಿ, ಹಟ ಎಲ್ಲವೂ ಅಲ್ಲಿ ಜೀವಂತವಾಗಿವೆ. ಆದರೆ ಆ ಕಥೆಯಿಂದ ನಾವು ಕಲಿತ ಪಾಠದಲ್ಲಿ ಅರ್ಧ ಮಾತ್ರ ನಿಜ. ಉಳಿದರ್ಧ ನಮ್ಮಂಥ ಜಾತಿ ಸಮಾಜವನ್ನು ದಾರಿ ತಪ್ಪಿಸುವಂಥದ್ದು.

ಶಿಬಿರಕ್ಕೆ ಬಂದವರು 22 ಹುಡುಗರು. ಎಲ್ಲರಿಗೂ ಸುಮಾರು ಹನ್ನೊಂದು ವರ್ಷ. ಎಲ್ಲರೂ ಬಿಳಿಯರು, ಪ್ರೊಟೆಸ್ಟೆಂಟರು, ಮಧ್ಯಮ ವರ್ಗದ ಮನೆಗಳವರು. ಒಬ್ಬರಿಗೊಬ್ಬರ ಪರಿಚಯ ಮೊದಲೇ ಇರದಂತೆ ಹುಡುಕಿ ಆರಿಸಿದ್ದರು. ಎರಡು ಬಸ್ಸುಗಳಲ್ಲಿ ಬಂದ ಎರಡು ತಂಡಗಳಿಗೆ ಮೊದಲ ಕೆಲವು ದಿನ ಇನ್ನೊಂದು ತಂಡ ಇರುವುದೇ ಗೊತ್ತಿರಲಿಲ್ಲ. ಈಜು, ಅಡುಗೆ, ಅಲೆದಾಟದಲ್ಲಿ ಪ್ರತಿ ತಂಡವೂ ತನ್ನದೇ ನಾಯಕರನ್ನು, ಕಟ್ಟಳೆಗಳನ್ನು ಕಂಡುಕೊಂಡಿತು. ಒಂದು ತಂಡ ರ್‍ಯಾಟ್ಲರ್ಸ್ ಆಯಿತು, ಇನ್ನೊಂದು ಈಗಲ್ಸ್. ಆಮೇಲೆ ಶುರುವಾದದ್ದು ಪಂದ್ಯಾವಳಿ: ಬೇಸ್‌ಬಾಲ್, ಹಗ್ಗಜಗ್ಗಾಟ, ಡೇರೆ ಕಟ್ಟುವ ಸ್ಪರ್ಧೆ. ಗೆದ್ದವರಿಗೆ ಪದಕ, ಜೊತೆಗೆ ಆ ವಯಸ್ಸಿನ ಯಾವ ಹುಡುಗನೂ ಆಸೆಪಡುವ ನಾಲ್ಕು ಅಲಗಿನ ಚಾಕು. ಸೋತವರಿಗೆ ಏನೂ ಇಲ್ಲ. ಕೆಲವೇ ದಿನಗಳಲ್ಲಿ ಈಗಲ್ಸ್ ಎದುರು ತಂಡದ ಬಾವುಟ ಸುಟ್ಟರು. ರ್‍ಯಾಟ್ಲರ್ಸ್ ರಾತ್ರಿ ಹೊತ್ತು ಅವರ ಕೋಣೆಗೆ ನುಗ್ಗಿದರು. ಕಾಲುಚೀಲದಲ್ಲಿ ಕಲ್ಲು ತುಂಬಿ ಕಾದು ಕುಳಿತ ಹುಡುಗರೂ ಇದ್ದರು.

ಪುಸ್ತಕದ ನಿಜವಾದ ಶಕ್ತಿ ಇರುವುದು ಜಗಳದ ವರ್ಣನೆಯಲ್ಲಲ್ಲ, ಒಂದು ಚಿಕ್ಕ ಆಟದಲ್ಲಿ. ನೆಲದ ಮೇಲೆ ಚೆಲ್ಲಿದ ಬೀನ್ಸ್ ಕಾಳುಗಳನ್ನು ಹುಡುಗರು ನಿಗದಿತ ಸಮಯದೊಳಗೆ ಹೆಕ್ಕಬೇಕು. ಒಬ್ಬೊಬ್ಬನು ಹೆಕ್ಕಿದ ಕಾಳುಗಳನ್ನು ಪರದೆಯ ಮೇಲೆ ಒಂದು ಕ್ಷಣ ತೋರಿಸಿ ಎಷ್ಟಿವೆ ಎಂದು ಕೇಳುತ್ತಿದ್ದರು. ಪ್ರತಿ ಬಾರಿ ತೋರಿಸಿದ ಕಾಳುಗಳ ಸಂಖ್ಯೆ ಒಂದೇ. ಆದರೂ ತಮ್ಮ ತಂಡದವನು ಹೆಚ್ಚು ಹೆಕ್ಕಿದನೆಂದೂ ಎದುರು ತಂಡದವನದು ಕಡಿಮೆಯೆಂದೂ ಹುಡುಗರು ಅಂದಾಜು ಹಾಕಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ಹಾಗೆಯೇ ಕಾಣುತ್ತಿತ್ತು. ಗುಂಪು ನಮ್ಮ ಅಭಿಪ್ರಾಯವನ್ನಷ್ಟೇ ಅಲ್ಲ, ಕಣ್ಣನ್ನೂ ತಿದ್ದುತ್ತದೆ ಎಂಬುದನ್ನು ಇಷ್ಟು ಸರಳವಾಗಿ ತೋರಿಸಿದ ಪ್ರಯೋಗಗಳು ಕಡಿಮೆ. ಶೆರೀಫ್ ದೊಡ್ಡ ವಿಜ್ಞಾನಿ ಎನ್ನಲು ನನಗೆ ಇದೊಂದೇ ಸಾಕು.

ಮುಂದಿನ ಘಟ್ಟ ರಾಜಿಯದು. ಎರಡೂ ತಂಡಗಳನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರು, ಸಿನಿಮಾ ತೋರಿಸಿದರು. ಪ್ರಯೋಜನವಾಗಲಿಲ್ಲ, ಊಟದ ಮನೆಯಲ್ಲಿ ತಿಂಡಿಯನ್ನೇ ಎಸೆದಾಡಿಕೊಂಡರು. ಆಗ ಶೆರೀಫ್ ಎರಡೂ ತಂಡಕ್ಕೆ ಬೇಕಾದ, ಯಾವುದೇ ಒಂದು ತಂಡದಿಂದ ಆಗದ ಕೆಲಸಗಳನ್ನು ಮುಂದಿಟ್ಟರು. ಶಿಬಿರದ ನೀರು ನಿಂತುಹೋಯಿತು. ಬಾಯಾರಿದ ಹುಡುಗರೆಲ್ಲ ಸೇರಿ ಗುಡ್ಡದ ತೊಟ್ಟಿಯವರೆಗೆ ಹುಡುಕಿ, ನಲ್ಲಿಗೆ ತುರುಕಿದ್ದ ಗೋಣಿ ಚೂರುಗಳನ್ನು ತೆಗೆದರು. ಊಟ ತರಬೇಕಿದ್ದ ಲಾರಿ ಕೆಟ್ಟು ನಿಂತಾಗ ಹಗ್ಗ ಕಟ್ಟಿ ಎಳೆದರು, ಅದೂ ಹಗ್ಗಜಗ್ಗಾಟದ ಅದೇ ಹಗ್ಗ! ನಿಧಾನವಾಗಿ ಹಗೆ ಕರಗಿತು. ಜಗಳದ ದಿನಗಳಲ್ಲಿ ರ್‍ಯಾಟ್ಲರ್ಸ್ ಹೆಸರಿಸಿದ ಗೆಳೆಯರಲ್ಲಿ ಎದುರು ತಂಡದವರು ಶೇಕಡಾ 6ರಷ್ಟಿದ್ದರು, ಕೊನೆಗೆ ಅದು ಶೇಕಡಾ 36ಕ್ಕೆ ಏರಿತು. ಊರಿಗೆ ಎಲ್ಲರೂ ಒಂದೇ ಬಸ್ಸಿನಲ್ಲಿ ಹೊರಟರು. ದಾರಿಯಲ್ಲಿ ರ್‍ಯಾಟ್ಲರ್ಸ್ ತಾವು ಗೆದ್ದಿದ್ದ ಐದು ಡಾಲರಿನಿಂದ ಎಲ್ಲರಿಗೂ ಹಾಲಿನ ಪಾನೀಯ ಕೊಡಿಸಿದರು.

ಹಗೆ ಬೇಡವಾದರೆ ಒಂದೇ ಗುರಿ ಕೊಡಿ ಎಂಬ ಸೂತ್ರ ಹುಟ್ಟಿದ್ದು ಇಲ್ಲಿಂದ. ಈ ಸೂತ್ರದ ಬಗ್ಗೆ ನನ್ನ ತಕರಾರು ಎರಡು.

ಮೊದಲನೆಯದು, ಈ ಪುಸ್ತಕ ತೋರಿಸುವುದು ಎರಡು ಗುಂಪುಗಳನ್ನು, ಶಿಬಿರದಲ್ಲಿ ಇದ್ದದ್ದು ಮೂರು. ಬ್ರಿಟಿಷ್ ಮನಶ್ಶಾಸ್ತ್ರಜ್ಞ ಮೈಕೆಲ್ ಬಿಲ್ಲಿಗ್ 1976ರಲ್ಲೇ ಇದನ್ನು ಎತ್ತಿ ಹೇಳಿದ್ದಾರೆ. ಮೂರನೆಯ ಗುಂಪು ಸಂಶೋಧಕರದು. ಚಾಕುಗಳನ್ನು ಗೆದ್ದವರಿಗೆ ಮಾತ್ರ ಎಂದು ತೀರ್ಮಾನಿಸಿದವರು ಅವರು. ಪಂದ್ಯ ಬಿಗಿಯಾಗಿರಲೆಂದು ಅಂಕಗಳನ್ನು ಹೊಂದಿಸಿದವರೂ ನೀರಿನ ನಲ್ಲಿ ಮುಚ್ಚಿದವರೂ ಅವರೇ. ಶೆರೀಫ್ ಸ್ವತಃ ಶಿಬಿರದ ಕೆಲಸಗಾರನ ವೇಷದಲ್ಲಿ ಓಡಾಡುತ್ತಿದ್ದರು. ಹುಡುಗರಿಗೆ ಇದಾವುದೂ ತಿಳಿದಿರಲಿಲ್ಲ. ಇಷ್ಟು ಕೈಗಳು ಹಿಂದೆ ನಿಂತು ತಳ್ಳಿದ ಜಗಳವನ್ನು ಗುಂಪಿನ ಸಹಜ ಗುಣವೆಂದು ಓದಬಹುದೆ?

ಹಿಂದಿನ ವರ್ಷದ ಕಥೆ ತಿಳಿದರೆ ಈ ಪ್ರಶ್ನೆ ಇನ್ನೂ ಹರಿತವಾಗುತ್ತದೆ. 1953ರಲ್ಲಿ ನ್ಯೂಯಾರ್ಕ್ ರಾಜ್ಯದ ಮಿಡಲ್ ಗ್ರೋವ್‌ನಲ್ಲಿ ಶೆರೀಫ್ ಇಂಥದ್ದೇ ಶಿಬಿರ ನಡೆಸಿದ್ದರು. ಅಲ್ಲಿ ಹುಡುಗರನ್ನು ಮೊದಲು ಒಟ್ಟಿಗೆ ಬಿಟ್ಟು, ಸ್ನೇಹ ಬೆಳೆದ ಮೇಲೆ ಪ್ಯಾಂಥರ್ಸ್, ಪೈಥಾನ್ಸ್ ಎಂದು ಒಡೆದರು. ಸಿಬ್ಬಂದಿ ಗುಟ್ಟಾಗಿ ಒಂದು ತಂಡದ ವಸ್ತುಗಳನ್ನು ಹಾಳು ಮಾಡಿ ಇನ್ನೊಂದರ ಮೇಲೆ ಅನುಮಾನ ಬರುವಂತೆ ಮಾಡಿದರು. ಹುಡುಗರು ಹೊಡೆದಾಡಲಿಲ್ಲ. ಪರಸ್ಪರ ಮಾತಾಡಿಕೊಂಡು, ಇದು ದೊಡ್ಡವರ ಕೆಲಸವೇ ಇರಬೇಕೆಂದು ಊಹಿಸಿದರು. ಪ್ರಯೋಗ ಅರ್ಧಕ್ಕೇ ನಿಂತಿತು. ಆಸ್ಟ್ರೇಲಿಯಾದ ಲೇಖಕಿ ಜೀನಾ ಪೆರಿ ದಾಖಲೆಗಳನ್ನು ಹುಡುಕಿ, ಅಷ್ಟರಲ್ಲಿ ಮುದುಕರಾಗಿದ್ದ ಆ ಹುಡುಗರನ್ನು ಕಂಡು ಮಾತಾಡಿಸಿ 2018ರಲ್ಲಿ ಇದನ್ನೆಲ್ಲ ವಿವರವಾಗಿ ಬರೆದರು. ಒಂದು ಸಲ ಗೆಳೆಯರಾದವರನ್ನು ಒಡೆಯುವುದು ಕಷ್ಟ ಎಂಬುದು ಎಷ್ಟು ದೊಡ್ಡ ಸಂಶೋಧನೆ! ಅದನ್ನು ವಿಫಲ ಪ್ರಯೋಗವೆಂದು ಬದಿಗಿಟ್ಟು, ಹುಡುಗರು ಮೊದಲೇ ಬೆರೆಯದಂತೆ ನೋಡಿಕೊಂಡು ಮತ್ತೆ ಮಾಡಿದ್ದೇ ರಾಬರ್ಸ್ ಕೇವ್.

ಶೆರೀಫ್ ಕಂಡುಂಡ ನೋವನ್ನು ಮರೆತು ಇದನ್ನು ಹೇಳುತ್ತಿಲ್ಲ. ಅವರು ಹುಟ್ಟಿದ್ದು ಟರ್ಕಿಯ ಇಜ್ಮಿರ್ ಬಳಿಯ ಓಡೆಮಿಶ್‌ನಲ್ಲಿ. 1919ರಲ್ಲಿ ಗ್ರೀಕ್ ಸೈನ್ಯ ಇಜ್ಮಿರ್‌ಗೆ ಕಾಲಿಟ್ಟಾಗ ಇನ್ನೂ ಹುಡುಗ. ಅಕ್ಕಪಕ್ಕದಲ್ಲಿ ಬಾಳಿದವರು ಶತ್ರುಗಳಾದದ್ದನ್ನು ಕಣ್ಣಾರೆ ಕಂಡವರು. 1944ರಲ್ಲಿ ಟರ್ಕಿಯಲ್ಲಿ ಜೈಲಿಗೂ ಹೋದರು. ಜಗಳಕ್ಕೆ ಮನುಷ್ಯನ ರಕ್ತ ಕಾರಣವಲ್ಲ, ಅವನನ್ನು ನಿಲ್ಲಿಸಿದ ಪರಿಸ್ಥಿತಿ ಕಾರಣ ಎಂಬ ಅವರ ನಂಬಿಕೆಯ ಹಿಂದೆ ಇಷ್ಟೆಲ್ಲ ಇದೆ. ಆ ನಂಬಿಕೆ ಸರಿಯೆಂದೇ ನಾನೂ ಭಾವಿಸುತ್ತೇನೆ. ಪರಿಸ್ಥಿತಿಯನ್ನು ಕಟ್ಟಿದವರು ಯಾರು ಎಂದು ಪುಸ್ತಕ ಗಟ್ಟಿಯಾಗಿ ಕೇಳಿಕೊಳ್ಳದೆ ಹೋದದ್ದು ಅದಕ್ಕೇ ಹೆಚ್ಚು ನೋಯಿಸುತ್ತದೆ.

ಎರಡನೆಯ ತಕರಾರು ನಮಗೆ ಹತ್ತಿರದ್ದು. ಓಕ್ಲಹೋಮದ ಆ ಎರಡು ತಂಡಗಳು ಸಮಾನವಾಗಿದ್ದವು. ನೀರು ನಿಂತಾಗ ಇಬ್ಬರಿಗೂ ಒಂದೇ ಬಾಯಾರಿಕೆ, ತೊಟ್ಟಿ ಇಬ್ಬರದೂ ಅಲ್ಲ. ಈಗ ಮಹಾರಾಷ್ಟ್ರದ ಮಹಾಡ ಊರಿನ 1927ರ ಮಾರ್ಚ್ 20ನ್ನು ನೆನೆಯಿರಿ. ಅಲ್ಲಿನ ಚವದಾರ್ ಕೆರೆ ಎಲ್ಲರಿಗೂ ತೆರೆದಿದೆ ಎಂದು ಪುರಸಭೆ ಮೊದಲೇ ಹೇಳಿತ್ತು. ಅಂಬೇಡ್ಕರ್ ಸಾವಿರಾರು ದಲಿತರೊಂದಿಗೆ ನಡೆದು ಹೋಗಿ ಒಂದು ಬೊಗಸೆ ನೀರು ಕುಡಿದರು. ಜನ ಊರಿಗೆ ಮರಳುವ ಮೊದಲೇ ಅವರ ಮೇಲೆ ಹಲ್ಲೆ ನಡೆಯಿತು. ಬಳಿಕ ಸವರ್ಣೀಯರು ಕೆರೆಯನ್ನು ಶುದ್ಧೀಕರಿಸುವ ಶಾಸ್ತ್ರ ಮಾಡಿದರು. ನೀರಿನ ಹಕ್ಕನ್ನು ಎತ್ತಿಹಿಡಿದ ಹೈಕೋರ್ಟಿನ ತೀರ್ಪು ಬರಲು 1937 ಆಗಬೇಕಾಯಿತು. ಅದೇ ಬಾಯಾರಿಕೆ, ಅದೇ ನೀರು. ಅಲ್ಲಿ ಒಂದಾಗಿಸಿದ್ದು ಇಲ್ಲಿ ಒಡೆಯಿತು, ಏಕೆಂದರೆ ಇಲ್ಲಿ ಒಂದು ಗುಂಪು ಇನ್ನೊಂದರ ತಲೆಯ ಮೇಲೆ ನಿಂತಿತ್ತು.

ಒಟ್ಟಿಗೆ ದುಡಿದರೆ ಪೂರ್ವಗ್ರಹ ಕರಗುವುದಾದರೆ ನಮ್ಮ ಹಳ್ಳಿಗಳಲ್ಲಿ ಅದು ಎಂದೋ ಕರಗಬೇಕಿತ್ತು. ಆಯಗಾರ ಪದ್ಧತಿಯನ್ನೇ ನೋಡಿ. ಕಮ್ಮಾರ, ಬಡಗಿ, ಕುಂಬಾರ, ಅಗಸ, ತಳವಾರ, ತೋಟಿ, ಇವರಿಲ್ಲದೆ ಬೇಸಾಯ ಸಾಗುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದಲ್ಲೇ ಎಲ್ಲರಿಗೂ ಬೆಳೆಯ ಪಾಲಾಗಿ ಆಯ ಅಳೆಯುತ್ತಿದ್ದರು. ಗುರಿ ಒಂದೇ, ಬೆಳೆ ಒಂದೇ. ಹಳೇ ಮೈಸೂರು ಸೀಮೆಯ ಕೆರೆಗಳ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿಗಳಲ್ಲಿ ಬಹುಪಾಲು ದಲಿತರು. ಊರಿನ ಬೆಳೆಗೆಲ್ಲ ನೀರು ಹಾಯಿಸಿದ ಆ ಕೈ ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಅದೇ ಜನ ಹೊಲದಲ್ಲಿ ಜೊತೆಗೆ ನಾಟಿ ಹಾಕಿ, ಸಂಜೆ ಹೋಟೆಲಿನಲ್ಲಿ ಬೇರೆ ಲೋಟದಲ್ಲಿ ಚಹಾ ಕುಡಿಯಬೇಕಾದ ಊರುಗಳ ವರದಿಗಳನ್ನು ನಮ್ಮ ಪತ್ರಿಕೆಗಳಲ್ಲೇ ಓದಿದ್ದೇವೆ. ಶತಮಾನಗಳ ಸಹಕಾರ ಇಲ್ಲಿ ಜಾತಿಯನ್ನು ಕರಗಿಸಲಿಲ್ಲ, ಸಹಕಾರದ ಒಳಗೇ ಜಾತಿ ಸುಖವಾಗಿ ಬದುಕಿತು.

ಹಾಗಾದರೆ ಶೆರೀಫ್ ನಮಗೆ ಬೇಡವೇ? ಬೇಕು, ಆದರೆ ಸಮಾನತೆಯ ಷರತ್ತಿನೊಂದಿಗೆ. ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಕ್ರಿಕೆಟ್ ಲೀಗುಗಳ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಸಾವಿರಕ್ಕೂ ಹೆಚ್ಚು ಯುವಕರಲ್ಲಿ ಚೀಟಿ ಎತ್ತಿದ ಹಾಗೆ ಕೆಲವರನ್ನು ಬೆರಕೆ ಜಾತಿಯ ತಂಡಗಳಿಗೆ, ಕೆಲವರನ್ನು ಒಂದೇ ಜಾತಿಯ ತಂಡಗಳಿಗೆ ಹಾಕಲಾಯಿತು. ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು. ಬೇರೆ ಜಾತಿಯವರನ್ನು ಎದುರಾಳಿಗಳಾಗಿಯೇ ಕಂಡವರಲ್ಲಿ ಅದು ಕುಗ್ಗಿತು. ಗಮನಿಸಬೇಕಾದ ಮಾತೆಂದರೆ, ಬೆರಕೆ ತಂಡದಲ್ಲಿ ಬ್ಯಾಟು, ಚೆಂಡು, ಅಂಗಳ ಎಲ್ಲರಿಗೂ ಸಮ. ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ, ಅಂದರೆ ಆ ಶಿಬಿರ ನಡೆದ ವರ್ಷವೇ, ಇದನ್ನು ಷರತ್ತಾಗಿ ಬರೆದಿದ್ದರು: ಬೆರೆಯುವವರು ಸಮಾನ ಸ್ಥಾನದಲ್ಲಿ ಇರಬೇಕು, ಅಧಿಕಾರ ಅದರ ಬೆನ್ನಿಗೆ ನಿಲ್ಲಬೇಕು. ಶೆರೀಫರ ಶಿಬಿರದಲ್ಲಿ ಈ ಷರತ್ತುಗಳು ತಾವಾಗಿ ಈಡೇರಿದ್ದವು, ಆದ್ದರಿಂದ ಕಣ್ಣಿಗೆ ಬೀಳಲಿಲ್ಲ.

ರಾಬರ್ಸ್ ಕೇವ್ ಪುಸ್ತಕ ಗುಂಪು ಹೇಗೆ ಹುಟ್ಟುತ್ತದೆ ಎಂಬುದಕ್ಕೆ ನಂಬಬಹುದಾದ ಸಾಕ್ಷಿ. ಗುಂಪುಗಳ ನಡುವಿನ ಅನ್ಯಾಯಕ್ಕೆ ಅದು ಮದ್ದಲ್ಲ. ನಮ್ಮ ಕಾಲೇಜುಗಳಲ್ಲಿ ಮನಶ್ಶಾಸ್ತ್ರ ಕಲಿಸುವ ಅಧ್ಯಾಪಕರಲ್ಲಿ ನನ್ನ ಮನವಿ ಇಷ್ಟೇ: 1954ರ ಶಿಬಿರದ ಪಾಠ ಮಾಡುವ ದಿನ 1953ರ ಶಿಬಿರದ ಕಥೆಯನ್ನೂ 1927ರ ಮಹಾಡವನ್ನೂ ಅದೇ ತರಗತಿಯಲ್ಲಿ ಹೇಳಿ.