ಚಂದ್ರನ ದಕ್ಷಿಣದ ಅಂಚು

ದುರ್ಬೀನಿನಲ್ಲಿ ಚಂದ್ರನನ್ನು ತೋರಿಸಿ ಎಂದು ಬರುವವರು ಬಹುಮಟ್ಟಿಗೆ ಹುಣ್ಣಿಮೆಯ ದಿನವೇ ಬರುತ್ತಾರೆ. ಭಾರತ ಹುಣ್ಣಿಮೆಗೆ ಬಂಡಿ ಕಟ್ಟಿಕೊಂಡು ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗುವ ಸೀಮೆ ನಮ್ಮದು, ಅದು ಸಹಜವೇ. ಆದರೆ ಚಂದ್ರನನ್ನು ನೋಡುವ ಗೀಳು ಹತ್ತಿದವರಿಗೆ ಹುಣ್ಣಿಮೆಯಂಥ ಸಪ್ಪೆ ರಾತ್ರಿ ಇನ್ನೊಂದಿಲ್ಲ. ಅಂದು ಅಲ್ಲಿ ನೆರಳೇ ಇರುವುದಿಲ್ಲ. ನೆರಳಿಲ್ಲದ ಮೇಲೆ ತಗ್ಗು ಯಾವುದು, ದಿನ್ನೆ ಯಾವುದು ತಿಳಿಯುವುದಿಲ್ಲ. ನೋಡಬೇಕಾದದ್ದು ಶುಕ್ಲಪಕ್ಷದ ಅಷ್ಟಮಿ, ನವಮಿಯ ಚಂದ್ರನನ್ನು. ಬಿಸಿಲು, ಕತ್ತಲೆ ಕೂಡುವ ಗೆರೆಯ ಮೇಲೆ ಕಣ್ಣಿಡಬೇಕು. ರಾತ್ರಿ ಟ್ರ್ಯಾಕ್ಟರಿನ ದೀಪ ಉತ್ತ ಹೊಲದ ಮೇಲೆ ಅಡ್ಡಡ್ಡ ಬಿದ್ದಾಗ ಒಂದೊಂದು ಹೆಂಟೆಯೂ ಮಾರುದ್ದ ನೆರಳು ಚಾಚುತ್ತದಲ್ಲ, ಆ ಗೆರೆಯ ಮೇಲಿನ ಬೆಟ್ಟ, ಕುಳಿಗಳು ಹಾಗೆ ಎದ್ದು ಕಾಣುತ್ತವೆ.

ಈ ವಾರ ಒಂದೇ ಜಾಗದ ಬಗ್ಗೆ ಬರೆಯುತ್ತೇನೆ. ಆ ಗೆರೆಯ ದಕ್ಷಿಣದ ತುದಿ. ಮನುಷ್ಯರು ಮತ್ತೆ ಚಂದ್ರನ ಮೇಲೆ ಇಳಿಯಲು ಆರಿಸಿಕೊಂಡಿರುವುದು ಅದೇ ನೆಲವನ್ನು.

ಕಾರ್ತಿಕ, ಮಾರ್ಗಶಿರದ ನವಮಿಯಂದು ಹೊತ್ತು ಮುಳುಗಿದ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಚಂದ್ರ ಕತ್ತು ನೋಯದಷ್ಟು ಎತ್ತರದಲ್ಲಿ ಇರುತ್ತಾನೆ. ಬರಿಗಣ್ಣಿಗೆ ಕಾಣುವ ಕೆಳಗಿನ ಅಂಚೇ ಅವನ ದಕ್ಷಿಣ. ಸ್ಟ್ಯಾಂಡಿಗೆ ಕಟ್ಟಿದ ಸಾಧಾರಣ ಬೈನಾಕ್ಯುಲರ್‌ನಲ್ಲೂ ಅಲ್ಲೊಂದು ದೊಡ್ಡ ಕುಳಿ ಸಿಗುತ್ತದೆ, ಹೆಸರು ಕ್ಲೇವಿಯಸ್. ಅಗಲ ಇನ್ನೂರು ಕಿಲೋಮೀಟರ್‌ಗೂ ಹೆಚ್ಚು. ಚಿಕ್ಕ ದುರ್ಬೀನು ಇದ್ದರೆ ಅದರ ಒಳಗೆ ದೊಡ್ಡದರಿಂದ ಸಣ್ಣದಕ್ಕೆ ಬಾಗಿ ಸಾಗುವ ಕುಳಿಗಳ ಸಾಲು ಕಾಣುತ್ತದೆ. ಇನ್ನೂ ದಕ್ಷಿಣಕ್ಕೆ ಸರಿದರೆ ಮೊರೆಟಸ್, ಅದರ ನಡುವೆ ಒಂಟಿ ಶಿಖರ. ಅಲ್ಲಿಂದ ಮುಂದೆ ಕುಳಿಗಳೆಲ್ಲ ಓರೆಯಾಗಿ, ಚಪ್ಪಟೆಯಾಗಿ ಒಂದರ ಮೇಲೊಂದು ಬಿದ್ದಂತೆ ತೋರುತ್ತವೆ. ಕೊನೆಗೆ ಉಳಿಯುವುದು ಅಂಚಿನಲ್ಲಿ ಗುಬ್ಬುಗುಬ್ಬಾಗಿ ಮಿನುಗುವ ಬೆಟ್ಟದ ತಲೆಗಳು ಮಾತ್ರ. ಚಂದ್ರ ತುಸು ತೂಗಾಡುತ್ತಾನೆ. ಕೆಲವು ರಾತ್ರಿ ದಕ್ಷಿಣ ಧ್ರುವವನ್ನು ಆರು ಡಿಗ್ರಿಗೂ ಹೆಚ್ಚು ನಮ್ಮ ಕಡೆ ವಾಲಿಸುತ್ತಾನೆ. ಆಗ ಮಾಲಪರ್ಟ್ ಎಂಬ ಪರ್ವತರಾಶಿ ಅಂಚಿನ ಮೇಲೆ ಚೆನ್ನಾಗಿ ಎದ್ದು ಬರುತ್ತದೆ. ನಾಸಾ 2024ರ ಅಕ್ಟೋಬರಿನಲ್ಲಿ ಪ್ರಕಟಿಸಿದ, ಗಗನಯಾತ್ರಿಗಳು ಇಳಿಯಬಹುದಾದ ಒಂಬತ್ತು ಪ್ರದೇಶಗಳ ಪಟ್ಟಿಯಲ್ಲಿ ಆ ಮಾಲಪರ್ಟ್ ಇದೆ. ಮುಂದೊಂದು ದಿನ ಮನುಷ್ಯರು ನಡೆದಾಡಬಹುದಾದ ನೆಲವನ್ನು ಅಥಣಿಯ ಮಾಳಿಗೆಯ ಮೇಲಿಂದ ಇಂದೇ ನೋಡಬಹುದು ಎನ್ನುವುದು ನನಗೆ ಈಗಲೂ ಮೈನವಿರೇಳಿಸುವ ಸಂಗತಿ.

1969ರಿಂದ 1972ರವರೆಗೆ ಹನ್ನೆರಡು ಜನ ಚಂದ್ರನ ಮೇಲೆ ನಡೆದರು. ಅಪೋಲೊ ಯಾನಗಳ ಆರೂ ತಾಣಗಳು ಚಂದ್ರನ ನಡುಪಟ್ಟಿಯಲ್ಲಿದ್ದವು. 1972ರ ಡಿಸೆಂಬರಿನಲ್ಲಿ ಅಪೋಲೊ 17ರ ಯುಜೀನ್ ಸರ್ನನ್ ಮತ್ತು ಭೂವಿಜ್ಞಾನಿ ಹ್ಯಾರಿಸನ್ ಸ್ಮಿಟ್ ಅಲ್ಲಿಂದ ಹೊರಟ ಮೇಲೆ ಯಾರೂ ಕಾಲಿಟ್ಟಿಲ್ಲ. ಈ ಸಲದ ಯೋಜನೆಯ ಹೆಸರು ಆರ್ಟೆಮಿಸ್. 2022ರ ನವೆಂಬರ್ 16ರಂದು ಜನರಿಲ್ಲದೆ ಹಾರಿದ ಮೊದಲ ನೌಕೆ ಚಂದ್ರನನ್ನು ಬಳಸಿ ಡಿಸೆಂಬರ್ 11ರಂದು ಕಡಲಿಗಿಳಿಯಿತು. ಎರಡನೆಯ ಯಾನಕ್ಕೆ ಆಯ್ಕೆಯಾದ ನಾಲ್ವರು ರೀಡ್ ವೈಸ್‌ಮನ್, ವಿಕ್ಟರ್ ಗ್ಲೋವರ್, ಕ್ರಿಸ್ಟೀನಾ ಕಾಕ್ ಮತ್ತು ಕೆನಡಾದ ಜೆರೆಮಿ ಹ್ಯಾನ್ಸನ್. ಆ ಯಾನದ ಕೆಲಸ ಚಂದ್ರನನ್ನು ಬಳಸಿ ಮರಳುವುದು, ಇಳಿಯುವುದಲ್ಲ. ಇಳಿಯುವ ಯಾನಕ್ಕೆ ಒಂದು ಕಾಲಕ್ಕೆ 2024 ಎಂದು ಗಡುವು ಇಟ್ಟಿದ್ದರು, ಅದು ಮುಂದೆ ಮುಂದೆ ಹೋಗುತ್ತಲೇ ಬಂದಿದೆ. ಅತ್ತ ಚೀನಾ 2030ರೊಳಗೆ ತನ್ನವರನ್ನು ಇಳಿಸುವುದಾಗಿ ಹೇಳಿದೆ.

ದಕ್ಷಿಣವೇ ಏಕೆ? ನೀರಿಗಾಗಿ. ಚಂದ್ರನ ಅಕ್ಷ ಸೂರ್ಯನತ್ತ ವಾಲಿರುವುದು ಬರೀ ಒಂದೂವರೆ ಡಿಗ್ರಿ. ಹೀಗಾಗಿ ಧ್ರುವದಲ್ಲಿ ಸೂರ್ಯ ದಿಗಂತಕ್ಕೆ ಅಂಟಿಕೊಂಡೇ ಸುತ್ತುತ್ತಾನೆ. ಎತ್ತರದ ದಿಬ್ಬಗಳಿಗೆ ವರ್ಷದ ಬಹುಕಾಲ ಬಿಸಿಲು, ಆಳದ ಕುಳಿಗಳ ತಳಕ್ಕೆ ಕೋಟ್ಯಂತರ ವರ್ಷಗಳಿಂದ ಒಂದು ಕಿರಣವೂ ಇಲ್ಲ. ಧ್ರುವದ ಮಗ್ಗುಲಲ್ಲೇ ಇರುವ ಶಾಕಲ್ಟನ್ ಕುಳಿ ಸುಮಾರು 21 ಕಿಲೋಮೀಟರ್ ಅಗಲ, ನಾಲ್ಕು ಕಿಲೋಮೀಟರ್ ಆಳ. ಇಂಥ ಕುಳಿಗಳ ಶಾಶ್ವತ ನೆರಳಿನಲ್ಲಿ ಮಂಜುಗಡ್ಡೆ ಉಳಿದಿದೆ. ಕುಡಿಯಲು, ಉಸಿರಾಟದ ಆಮ್ಲಜನಕಕ್ಕೆ, ಮರಳಿ ಹೊರಡುವ ರಾಕೆಟ್ಟಿನ ಇಂಧನಕ್ಕೆ ಅದೇ ಆಧಾರ. ಈ ಕಥೆಯಲ್ಲಿ ನಮ್ಮ ಪಾಲು ದೊಡ್ಡದು. 2008ರ ನವೆಂಬರ್ 14ರಂದು ಚಂದ್ರಯಾನ-1ರಿಂದ ಬಿಟ್ಟ ಶೋಧಕ ಬಿದ್ದದ್ದು ಶಾಕಲ್ಟನ್ ಬಳಿಯೇ. ಅದೇ ನೌಕೆಯಲ್ಲಿದ್ದ ನಾಸಾ ಉಪಕರಣದ ಅಳತೆಗಳಿಂದ ಮರುವರ್ಷದ ಸೆಪ್ಟೆಂಬರಿನಲ್ಲಿ ಚಂದ್ರನ ನೆಲದಲ್ಲಿ ನೀರಿನ ಅಂಶವಿರುವುದು ಜಗತ್ತಿಗೆ ತಿಳಿಯಿತು.

ಚಂದ್ರಯಾನ-3 ದಕ್ಷಿಣ ಧ್ರುವದಲ್ಲೇ ಇಳಿಯಿತು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಅದು ಇಳಿದದ್ದು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, ಧ್ರುವದಿಂದ ಆರುನೂರು ಕಿಲೋಮೀಟರಿಗೂ ಆಚೆ. ಹೆಚ್ಚುಕಡಿಮೆ ಮೊರೆಟಸ್‌ನ ಸಾಲಿನಲ್ಲಿ, ಇನ್ನಷ್ಟು ಪೂರ್ವಕ್ಕೆ. ಇದರಿಂದ ಇಸ್ರೊ ಸಾಧನೆ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಅಷ್ಟು ದಕ್ಷಿಣಕ್ಕೆ ಅದಕ್ಕೆ ಮೊದಲು ಯಾರೂ ಸುರಕ್ಷಿತವಾಗಿ ಇಳಿದಿರಲಿಲ್ಲ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷ, ನಿಜ ಶ್ರಾವಣ ಶುದ್ಧ ಸಪ್ತಮಿ. ಆ ತಿಥಿ ಆಕಸ್ಮಿಕವಲ್ಲ. ಚಂದ್ರಯಾನ-3ರ ಇಳಿನೌಕೆ ವಿಕ್ರಮ್ ಇಳಿಯುವ ಜಾಗದಲ್ಲಿ ಆಗ ಚಂದ್ರನ ಬೆಳಗು, ಮುಂದೆ ನಮ್ಮ ಹದಿನಾಲ್ಕು ದಿನಗಳಷ್ಟು ಬಿಸಿಲು. ಬೆಂಗಳೂರಿನಲ್ಲಿರುವ ಇಸ್ರೊದ ನಿಯಂತ್ರಣ ಕೇಂದ್ರ ಇಸ್ಟ್ರ್ಯಾಕ್‌ನಲ್ಲಿ ಕುಳಿತ ತಂಡ ಬ್ಯಾಲಾಳುವಿನ ದೊಡ್ಡ ಆಂಟೆನಾದ ಮೂಲಕ ಸಂಕೇತಗಳನ್ನು ಹಿಡಿಯುತ್ತಿತ್ತು. ಆಮೇಲೆ ನೆಲಕ್ಕೆ ಚುಚ್ಚಿದ ತಾಪಮಾಪಕ ಹೇಳಿದ್ದು ಇನ್ನೂ ಸೋಜಿಗ. ಮೇಲ್ಮೈ 50 ಡಿಗ್ರಿ ದಾಟಿ ಕಾದಿದ್ದರೆ, ಎಂಟೇ ಸೆಂಟಿಮೀಟರ್ ಕೆಳಗೆ ಮೈನಸ್ 10.

ಅಲ್ಲಿಂದ ಮುಂದಿನ ಆರುನೂರು ಕಿಲೋಮೀಟರ್‌ಗಳೇ ಕಠಿಣ. ಮಾಲಪರ್ಟ್ ಎ ಕುಳಿಯ ಹತ್ತಿರ 2024ರ ಫೆಬ್ರುವರಿಯಲ್ಲಿ ಇಳಿದ ಅಮೆರಿಕದ ಖಾಸಗಿ ನೌಕೆ ಒಡಿಸಿಯಸ್ ವಾಲಿ ನಿಂತಿತು. 2025ರ ಮಾರ್ಚ್ 6ರಂದು ಮೌನ್ಸ್ ಮೂಟನ್ ಬೆಟ್ಟದ ಮೇಲೆ ಇಳಿದ ಅಥೀನಾ ನೌಕೆ ಒಂದು ಕುಳಿಯೊಳಗೆ ಮಗ್ಗುಲಾಗಿ ಬಿತ್ತು. ಬಿಸಿಲು ಅಷ್ಟು ಓರೆಯಾಗಿ ಬೀಳುವಲ್ಲಿ ಸಣ್ಣ ಕಲ್ಲಿನ ನೆರಳೂ ಕಂದರದಂತೆ ಕಾಣುತ್ತದೆ, ನಿಜವಾದ ತಗ್ಗು ನೆರಳಿನೊಳಗೆ ಅಡಗಿ ಕೂರುತ್ತದೆ. ಅಪೋಲೊದ ಇಳಿನೌಕೆ ಏಳು ಮೀಟರ್ ಎತ್ತರದ್ದು. ಈಗ ಮನುಷ್ಯರನ್ನು ಇಳಿಸಲು ಸ್ಪೇಸ್‌ಎಕ್ಸ್ ಕಟ್ಟುತ್ತಿರುವ ಸ್ಟಾರ್‌ಶಿಪ್ ಸುಮಾರು ಐವತ್ತು ಮೀಟರ್. ಯಾತ್ರಿಗಳು ಲಿಫ್ಟಿನಲ್ಲಿ ನೆಲಕ್ಕೆ ಬರಬೇಕು. ಹೊರಡುವ ಮೊದಲು ಭೂಕಕ್ಷೆಯಲ್ಲೇ ಹಲವು ಟ್ಯಾಂಕರ್ ನೌಕೆಗಳಿಂದ ಅದಕ್ಕೆ ಇಂಧನ ತುಂಬಬೇಕು. ನನ್ನ ಮಟ್ಟಿಗೆ ದಕ್ಷಿಣದ ಆಯ್ಕೆ ಸರಿ, ಅವಸರ ಮಾತ್ರ ತಪ್ಪು. ಯಾರು ಮೊದಲು ಎಂಬ ಪೈಪೋಟಿಗೆ ಬಿದ್ದು ಒಂದು ಜೀವ ಹೋದರೂ ಆ ಬೆಟ್ಟಗಳ ದಾರಿ ಇನ್ನೊಂದು ತಲೆಮಾರಿಗೆ ಮುಚ್ಚಿಹೋಗುತ್ತದೆ.

ಭಾರತ ಸಾವಧಾನದ ದಾರಿ ಹಿಡಿದಿದೆ, ಅದು ನನಗೆ ಮೆಚ್ಚುಗೆ. ಭಾರತೀಯರನ್ನು ಚಂದ್ರನ ಮೇಲೆ ಇಳಿಸುವ ಗುರಿ 2040ಕ್ಕೆ, ಅದಕ್ಕೂ ಮೊದಲು 2035ಕ್ಕೆ ನಮ್ಮದೇ ಅಂತರಿಕ್ಷ ನಿಲ್ದಾಣ. 2025ರ ಜನವರಿ 16ರಂದು ಎರಡು ಉಪಗ್ರಹಗಳನ್ನು ಬಾಹ್ಯಾಕಾಶದಲ್ಲಿ ಜೋಡಿಸಿದ್ದಾಗಿದೆ. ಚಂದ್ರನ ಮಣ್ಣು ತರಲಿರುವ ಚಂದ್ರಯಾನ-4ಕ್ಕೆ ಈ ಜೋಡಣೆಯೇ ಜೀವಾಳ. ನಮ್ಮ ಭಾಗದವರ ಕೈಯೂ ಈ ಹಾದಿಯಲ್ಲಿದೆ. 2025ರ ಜೂನ್-ಜುಲೈ ತಿಂಗಳಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಮೊಳಕೆ ಬರಿಸಿದ ಹೆಸರು ಮತ್ತು ಮೆಂತೆ ಧಾರವಾಡದ ಪ್ರಯೋಗದ್ದು. ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಐಐಟಿ ಧಾರವಾಡದ ಸುಧೀರ್ ಸಿದ್ದಾಪುರೆಡ್ಡಿ ಅದನ್ನು ರೂಪಿಸಿದವರು. ಚಂದ್ರನ ಮೇಲೆ ತಿಂಗಳುಗಟ್ಟಲೆ ಇರುವವರಿಗೆ ಪೊಟ್ಟಣದ ಊಟ ಸಾಲದು, ಹಸಿ ಕಾಳು, ಸೊಪ್ಪು ಬೇಕು. ರೊಟ್ಟಿಯ ಜೊತೆ ಹಸಿ ಮೆಂತೆ ತಿನ್ನುವ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನೋಡಲು ಹೊರಡುವವರಿಗೆ ಒಂದೆರಡು ಮಾತು. ಆರ್‌ಸಿಸಿ ಚಾವಣಿ ಹಗಲು ಕುಡಿದ ಕಾವನ್ನು ರಾತ್ರಿ ಬಿಡುತ್ತದೆ, ಚಿತ್ರ ಕುದಿಯುತ್ತದೆ. ಮಣ್ಣಿನ ಮಾಳಿಗೆ ಅಥವಾ ಹೊಲದ ಬದು ಮೇಲು. ಕಬ್ಬಿನ ಹಂಗಾಮಿನಲ್ಲಿ ರವದಿಗೆ ಬೆಂಕಿ ಇಟ್ಟ ಹೊಗೆ ಕೆಳಗೇ ನಿಲ್ಲುತ್ತದೆ, ಆದ್ದರಿಂದ ಚಂದ್ರ ಮೇಲಿರುವಾಗಲೇ ನೋಡಿ. ಯಡೂರಿನ ಕಡೆ ಹೊಳೆದಂಡೆಯವರು ಮಸೂರಕ್ಕೆ ಇಬ್ಬನಿ ಕೂರದಂತೆ ರಟ್ಟಿನ ಕೊಳವೆ ಸುತ್ತಿಕೊಳ್ಳಿ. ಪ್ರತಿಫಲಕ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗು, ದಕ್ಷಿಣ ಮೇಲೆ ಬರುತ್ತದೆ, ಗಾಬರಿ ಬೇಡ.

ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಪ್ರೌಢಶಾಲೆಗಳ ವಿಜ್ಞಾನ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ನಿಪ್ಪಾಣಿಯಿರಲಿ, ರಾಯಬಾಗವಿರಲಿ, ಕಾಗವಾಡದ ಗಡಿಯ ಹಳ್ಳಿಯಿರಲಿ, ಶಾಲೆಯಲ್ಲಿ ದುರ್ಬೀನು ಇದ್ದರೆ ಬರುವ ನವಮಿಯ ಸಂಜೆ ಅಂಗಳಕ್ಕೆ ತನ್ನಿ, ಇಲ್ಲದಿದ್ದರೆ ಬೈನಾಕ್ಯುಲರ್ ಸಾಕು. ಮಕ್ಕಳಿಗೆ ಕ್ಲೇವಿಯಸ್ ತೋರಿಸಿ, ಅಲ್ಲಿಂದ ಅಂಚಿನವರೆಗೆ ದಾರಿ ಹೇಳಿ. ಈಗ ಐದನೆಯ ತರಗತಿಯಲ್ಲಿರುವ ಹುಡುಗಿಗೆ 2040ರಲ್ಲಿ ಕೆಲಸಕ್ಕೆ ಸೇರುವ ವಯಸ್ಸು.